ಆವಿ ಬರುವ ಹೊತ್ತು

ಬೆಟ್ಟಗಳಿಗೂ ಕೋಳಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಒಬ್ಬ ರಾಜಕುಮಾರಿ ಇದ್ದಳಂತೆ. ಅವಳಿಗೆ ಮೂರು ನಾಲಿಗೆ. ಒಂದು ತಾಯಿ ಕೊಟ್ಟದ್ದು, ಒಂದು ಗುರು ಕೊಟ್ಟದ್ದು, ಇನ್ನೊಂದು ಬೀದಿ ಕೊಟ್ಟದ್ದು. ಯಾರಾದರೂ ಎದುರು ಬಂದು ನಿಂತರೆ ಮೂರೂ ನಾಲಿಗೆಗಳು ‘ನೀನು ಮೊದಲು, ಅಯ್ಯೋ ನೀನೇ ಮೊದಲು’ ಎಂದು ಮರ್ಯಾದೆ ಮಾಡಿಕೊಳ್ಳುತ್ತ ಕೂತುಬಿಡುತ್ತಿದ್ದವು. ಬಂದವರು ಕಾದು ಕಾದು, ಪಾಪ ಮೂಗಿ, ಎಂದುಕೊಂಡು ಹೊರಟುಹೋಗುತ್ತಿದ್ದರು.

ಹೊಸೂರಿನಾಚೆ, ತಮಿಳುನಾಡಿಗೆ ಸೇರಿದ ಗಡಿಯೂರು ಕೆಲಮಂಗಲದ ಚೆನ್ನಮ್ಮಜ್ಜಿ ಈ ಕತೆ ಹೇಳುವಾಗ ಮೊಮ್ಮಗಳು ಪದ್ಮಶ್ರೀ ಎಂದೂ ಕೊನೆಯವರೆಗೆ ಎಚ್ಚರವಾಗಿರುತ್ತಿರಲಿಲ್ಲ. ಈಗ ಟೀಚರ್ ಟ್ರೈನಿಂಗಿನ ಎರಡನೇ ವರ್ಷದಲ್ಲಿ, ಕಣ್ಣಿಗೆ ನಿದ್ದೆಯೇ ಹತ್ತದ ಈ ದಿನಗಳಲ್ಲಿ, ಆ ರಾಜಕುಮಾರಿಯ ಗೋಳು ಅವಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಮನೆಯಲ್ಲಿ ಕನ್ನಡ, ಟ್ರೈನಿಂಗಿನಲ್ಲಿ ತಮಿಳು, ಬೀದಿಯಲ್ಲಿ ತೆಲುಗು. ಮಕ್ಕಳ ಮುಂದೆ ಮೂರನ್ನೂ ಕಲಸಿ ಹೇಗೋ ಪಾಠ ಮಾಡುತ್ತಿದ್ದಳು. ದೊಡ್ಡವರು ನಾಲ್ಕು ಮಂದಿ ಎದುರು ಕೂತರೆ ಮುಗಿಯಿತು, ಗಂಟಲು ಬೀಗ ಹಾಕಿಕೊಳ್ಳುತ್ತಿತ್ತು.

ಅವಳನ್ನೂ ಅವಳ ಜೊತೆ ಓದುತ್ತಿದ್ದ ಭೈರೇಶನನ್ನೂ ಪಾಠದ ಅಭ್ಯಾಸಕ್ಕೆಂದು ರಾಯಕೋಟೆ ರಸ್ತೆಯ ಒಂದು ಸರ್ಕಾರಿ ಶಾಲೆಗೆ ಹಾಕಿದ್ದರು. ಅಲ್ಲಿ ಕನ್ನಡದ ಮಕ್ಕಳು ಒಂದು ಕೋಣೆ, ತಮಿಳಿನ ಮಕ್ಕಳು ಪಕ್ಕದ ಕೋಣೆ. ಹೋದ ತಿಂಗಳ ಪೋಷಕರ ಸಭೆಯಲ್ಲಿ ಪದ್ಮಶ್ರೀ ಎದ್ದು ನಿಂತು, “ನಮಸ್ಕಾರ, ವಣಕ್ಕಂ, ನಮಸ್ಕಾರಮಂಡಿ” ಎಂದಳು. ಅಲ್ಲಿಗೆ ನಿಂತುಹೋಯಿತು. ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ ನಿಂತವಳ ಬದಲಿಗೆ ಭೈರೇಶ ಎದ್ದು ಮಾತು ಮುಗಿಸಿದ. ಅಂಚೆಟ್ಟಿ ಕಡೆಯ ಹುಡುಗ, ಆ ಬೆಟ್ಟದಿಂದ ಈ ಬೆಟ್ಟಕ್ಕೆ ಕೂಗಿ ಬೆಳೆದ ಗಂಟಲು.

ಸುದ್ದಿ ಮನೆ ಮುಟ್ಟಿತು. ಅಪ್ಪ ರಘುನಾಥ್ ಬೈಯಲಿಲ್ಲ, ಅದೇ ಕಷ್ಟ. ತಟ್ಟೆಯ ಮುಂದೆ ಕೂತು, “ಹೊಸೂರಿನ ಫೋನ್ ಕಂಪ್ನೀಲಿ ಹುಡುಗೀರ್ನ ತಗೋತಾವ್ರಂತೆ. ಬಸ್ಸು ನಮ್ಮ ಬೀದಿಗೇ ಬತ್ತದೆ. ಅಲ್ಲಿ ಮಾತಾಡೋ ಕೆಲ್ಸ ಇಲ್ಲ ಕಣಮ್ಮ,” ಎಂದರು. ಪ್ರೀತಿಯಿಂದಲೇ ಅಂದದ್ದು. ಅಂದಿನಿಂದ ಆ ಬಸ್ಸಿನ ಹಾರನ್ನು ಕೇಳಿದಾಗಲೆಲ್ಲ ಪದ್ಮಶ್ರೀ ಎದ್ದು ಕಿಟಕಿ ಮುಚ್ಚುತ್ತಿದ್ದಳು.

ಉಳಿದಿದ್ದು ಒಂದೇ ಅವಕಾಶ. ಮಕ್ಕಳ ಮನೆಮಂದಿಗೆಲ್ಲ ಶಾಲೆಯಲ್ಲಿ ಒಂದು ವಿಜ್ಞಾನದ ಸಂಜೆ. ಹೆಡ್‌ಮಾಸ್ಟರ್ ವೆಂಕಟಸ್ವಾಮಿ ಅವಳನ್ನು ಕರೆದು ಹೇಳಿದ್ದರು: “ನೋಡಮ್ಮಾ, ಮಕ್ಕಳಿಗೆ ನೀನಂದ್ರೆ ಪ್ರಾಣ. ಆದ್ರೆ ಅಪ್ಪ ಅಮ್ಮನ ಮುಂದೆ ಬಾಯೇ ಬಿಡದಿದ್ರೆ, ಟೀಚರ್ ಕೆಲಸಕ್ಕೆ ಆಗ್ತಾಳೆ ಅಂತ ನಾನು ಹೆಂಗೆ ಬರೀಲಿ?” ಆ ರೋಷದಲ್ಲೇ ಅವಳು ತರಗತಿಗೆ ಹೋಗಿ ಮಕ್ಕಳಿಗೆ ಮಾತು ಕೊಟ್ಟುಬಿಟ್ಟಳು: “ನಿಮ್ಮ ಮನೆಯವರ ಮುಂದೆ ಆವಿಯಿಂದ ಚಕ್ರ ತಿರುಗಿಸ್ತೀನಿ. ಯಾಕೆ ತಿರುಗ್ತು ಅಂತ ನಾನೇ ಹೇಳ್ತೀನಿ. ಎಲ್ಲಾರ್ನೂ ಕರ್ಕೊಂಡು ಬನ್ನಿ.”

ಆ ಸಂಜೆ ಬಂದೇಬಿಟ್ಟಿತು. ಒಂದು ಮೇಜಿನ ಮೇಲೆ ಭೈರೇಶನ ಭೂತಗನ್ನಡಿ, ಅಡಿಯಲ್ಲಿ ಇರುವೆಗಳು. ಇನ್ನೊಂದರ ಮೇಲೆ ಪದ್ಮಶ್ರೀಯ ಗ್ಯಾಸ್ ಒಲೆ, ಶಾಲೆಯ ಅಡುಗೆಮನೆಯ ಕುಕ್ಕರ್, ಬಿರಿಯಾನಿ ಪಾರ್ಸಲ್ ಡಬ್ಬಿಯ ತೆಳು ತಗಡಿನಿಂದ ಕತ್ತರಿಸಿ ಉದ್ದದ ಕೋಲಿಗೆ ಗುಂಡುಸೂಜಿಯಿಂದ ಚುಚ್ಚಿದ ಚಕ್ರ. ಹೇಳಬೇಕಾದ ಮೊದಲ ವಾಕ್ಯವನ್ನು ಬೆಳಗಿನಿಂದ ಉರುಹೊಡೆಯುತ್ತಿದ್ದಳು. ಒಮ್ಮೆ ಕನ್ನಡದಲ್ಲಿ, ಒಮ್ಮೆ ತಮಿಳಿನಲ್ಲಿ. ಕೂರಲಾಗಲಿಲ್ಲ. ಬಾಗಿಲಿಗೆ ಹೋದಳು, ಮೇಜಿಗೆ ಬಂದಳು, ಚಕ್ರವನ್ನು ಊದಿ ನೋಡಿದಳು, ಮತ್ತೆ ಬಾಗಿಲಿಗೆ ಹೋದಳು. ಬೆಂಚುಗಳೆಲ್ಲ ಖಾಲಿ. ಬಿಸಿಲು ಗೋಡೆ ಹತ್ತುತ್ತಿತ್ತು.

“ಜನ ಬಂದವ್ರೆ,” ಎಂದ ಭೈರೇಶ ಕಿಟಕಿಯಿಂದ ಇಣುಕಿ. “ಆದ್ರೆ ಗೇಟಿನ ಆಚೇನೇ ನಿಂತವ್ರೆ. ಯಾಕೋ ಮಕ್ಳನ್ನೂ ಒಳಗೆ ಬಿಡ್ತಿಲ್ಲ.”

ಮಧ್ಯಾಹ್ನ ಮಕ್ಕಳ ಜೊತೆ ಹೋಗಿದ್ದ ಸುದ್ದಿ ಸಂಜೆಗೆ ಏನಾಗಿತ್ತೆಂಬುದು ಗೇಟಿನ ಆಚೆಯ ಮಾತು ಕಿವಿಗೆ ಬಿದ್ದಾಗ ಗೊತ್ತಾಯಿತು. ಕನ್ನಡದ ಮಕ್ಕಳಿಗೆ ಆವಿ ಎಂದರೆ ಬಿಸಿನೀರಿನ ಹಬೆ, ಅಷ್ಟೆ. ತಮಿಳಿನಲ್ಲೂ ಅದು ಹಬೆಯೇ. ಆದರೆ ಸತ್ತವರು ಬಿಟ್ಟು ಹೋಗುವ ಆತ್ಮಕ್ಕೂ ಅಲ್ಲಿ ಆವಿಯೆಂದೇ ಹೆಸರು. ಅದರ ಜೊತೆಗೆ ಭೂತಗನ್ನಡಿ ಬೇರೆ. ಈ ಕೋಣೆಯ ಮಾತು ಆ ಕೋಣೆಗೆ ದಾಟಿ, ಆ ಕೋಣೆಯಿಂದ ಬೀದಿಗೆ ಇಳಿದು, ಬೀದಿಯಿಂದ ಅಡುಗೆಮನೆಗಳನ್ನು ಹೊಕ್ಕು, ‘ಹೊಸ ಟೀಚರಮ್ಮ ಇವತ್ತು ಸಂಜೆ ಭೂತಗನ್ನಡಿಯಲ್ಲಿ ಆವಿ ತೋರಿಸ್ತಾಳಂತೆ’ ಎಂದಾಗಿತ್ತು.

“ದೆವ್ವದ ಟೀಚರ್ರು!” ಎಂದು ಭೈರೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

“ಸುಮ್ನಿರ್ಲಾ, ಜೀವ ಹೋಗ್ತೈತೆ ನಂಗೆ.”

“ಹೋದ್ರೆ ಕನ್ನಡೀಲಿ ನೋಡ್ತೀವಿ ಬಿಡು.” ಆಮೇಲೆ ಅವಳ ಮುಖ ನೋಡಿ ದನಿ ಇಳಿಸಿದ. “ನಾನೋಗಿ ಹೇಳ್ಬುಡ್ಲಾ? ಒಂದೇ ಮಾತು. ಬಂದು ಕೂತ್ಕೋತಾರೆ.”

ಹೂಂ ಎನ್ನಬಾರದಿತ್ತು. ಅಂದುಬಿಟ್ಟಳು. ಅಂದ ಕೂಡಲೇ ಎದೆ ಹಗುರಾಯಿತು, ಆ ಹಗುರವೇ ಅವಳಿಗೆ ನಾಚಿಕೆ ತಂದಿತು. ಭೈರೇಶ ಗೇಟಿನ ಬಳಿ ಹೋಗಿ, ಎರಡೂ ಕೈ ಎತ್ತಿ ಗಟ್ಟಿಯಾಗಿ ಕೂಗಿದ: “ಯಾರೂ ಹೆದರ್ಕೋಬ್ಯಾಡಿ! ಇದು ಆ ಆವಿ ಅಲ್ಲ! ಇದು ನೀರಾವಿ!”

ಗೇಟಿನ ಆಚೆ ಜನ ಎರಡು ಹೆಜ್ಜೆ ಹಿಂದೆ ಸರಿದರು.

“ನೀರಾಗೆ ಸತ್ತೋರ್ದಾ?” ಎಂದಳು ರಾಮಲಕ್ಷ್ಮಮ್ಮ. ಐದನೇ ತರಗತಿಯ ಹುಡುಗಿಯ ತಾಯಿ ಆಕೆ. ಒಂದು ಕೈಯಲ್ಲಿ ಮಗಳ ರಟ್ಟೆ, ಇನ್ನೊಂದರಲ್ಲಿ ನಿಂಬೆಹಣ್ಣು. “ಕೆರೆ ಪಕ್ಕದಾಗೆ ಸ್ಕೂಲು ಕಟ್ಟಬ್ಯಾಡಿ ಅಂತ ಅವತ್ತೇ ಹೇಳಿದ್ವಿ.”

ಭೈರೇಶ ಕೂಗಿದಷ್ಟೂ ಗದ್ದಲ ಹೆಚ್ಚಿತು. ಕೆಲವರು ಮಕ್ಕಳನ್ನು ಎಳೆದುಕೊಂಡು ಮನೆ ಕಡೆ ತಿರುಗಿಯೇಬಿಟ್ಟರು. ವೆಂಕಟಸ್ವಾಮಿ ಆಫೀಸಿನಿಂದ ಹೊರಬಂದು ಕಂಬಕ್ಕೆ ಒರಗಿ ನಿಂತರು. ಅವರು ಗೇಟನ್ನು ನೋಡುತ್ತಿರಲಿಲ್ಲ, ಪದ್ಮಶ್ರೀಯನ್ನು ನೋಡುತ್ತಿದ್ದರು.

ಸೋತು ಬಂದ ಭೈರೇಶನ ಕೈಗೆ ಅವಳು ಕುಕ್ಕರ್ ಕೊಟ್ಟಳು.

“ಎಲ್ಲಿಗೆ?”

“ಅವ್ರು ಒಳಗೆ ಬರಾಕಿಲ್ಲ. ನಾವೇ ಹೋಗನ.”

ಗೇಟಿನ ಆಚೆ, ಬೇವಿನಮರದ ಕೆಳಗೆ ಬೆಂಚು ಹಾಕಿ ಒಲೆ ಇಟ್ಟಳು. ಕುಕ್ಕರಿನ ಮೇಲಿನ ಸೀಟಿಯನ್ನು ತೆಗೆದು, ಆವಿ ಬರುವ ಸಣ್ಣ ಕೊಳವೆಯೊಂದನ್ನೇ ಬಿಟ್ಟಳು. ಬೆಂಕಿಕಡ್ಡಿ ಎರಡು ಸಲ ಆರಿತು, ಮೂರನೆಯದು ಹತ್ತಿತು. ತಲೆ ಎತ್ತಿದರೆ ಸುತ್ತ ಮುಖಗಳು. ಉರು ಹೊಡೆದಿದ್ದ ವಾಕ್ಯ ಕನ್ನಡದಲ್ಲಿ ತುಟಿಯ ಬಾಗಿಲಿಗೆ ಬಂತು, ತಮಿಳಿನಲ್ಲೂ ಬಂತು, ಎರಡೂ ಚೌಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡವು.

“ಅಕ್ಕಾ, ಆವಿ ವರುಮಾ?” ಎಂದು ಹಿಂದಿನಿಂದ ಒಬ್ಬಳು ಮೆಲ್ಲಗೆ ಕೇಳಿದಳು.

“ಬರೋದಾದ್ರೆ ನಮ್ಮಪ್ಪನ್ನ ಕರೀ ಟೀಚರಮ್ಮ,” ಎಂದ ಮುನಿಯಲ್ಲಪ್ಪ. ತಲೆಗೆ ಮಫ್ಲರ್ ಸುತ್ತಿದ ಮುದುಕ, ಶಾಲೆಯಲ್ಲಿ ಅವನ ಮೊಮ್ಮಕ್ಕಳಿದ್ದರು. “ಕುಡುಗೋಲು ಎಲ್ಲಿ ಮಡಗಿ ಸತ್ನೋ, ಇವತ್ತಿಗೂ ಸಿಕ್ಕಿಲ್ಲ.”

“ನಮ್ಮತ್ತೆನ ಮಾತ್ರ ಕರೀಬ್ಯಾಡ ತಾಯಿ,” ಎಂದಳು ರಾಮಲಕ್ಷ್ಮಮ್ಮ. “ಈಗ ಒಸಿ ನೆಮ್ಮದಿಯಾಗಿವ್ನಿ.” ಜನ ನಕ್ಕರು. ಆಕೆ ಪದ್ಮಶ್ರೀಯ ಕಡೆ ತಿರುಗಿ, “ಏನವ್ವಾ, ನಿಂಗೇ ಬಾಯಿ ಕಟ್ಟೈತಲ್ಲ?” ಎಂದಳು. ಜನ ಮತ್ತೆ ನಕ್ಕರು.

ಪದ್ಮಶ್ರೀಯ ಕಿವಿ ಸುಡುತ್ತಿತ್ತು. ದೂರದಲ್ಲಿ ರಾಯಕೋಟೆ ರಸ್ತೆಯ ಮೇಲೆ ಯಾವುದೋ ಬಸ್ಸು ಹಾರನ್ ಹೊಡೆಯಿತು. ಅಷ್ಟರಲ್ಲಿ ಮುನಿಯಲ್ಲಪ್ಪ ದೊಡ್ಡದಾಗಿ ಸೀನಿ, ಮಫ್ಲರಿನ ತುದಿಯಿಂದ ಮೂಗು ಒರೆಸಿಕೊಂಡ.

“ನೆಗಡೀನಾ ತಾತಾ?” ಎಂದಳು. ಉರು ಹೊಡೆದ ವಾಕ್ಯವಲ್ಲ ಅದು, ತಾನಾಗಿ ಬಂದದ್ದು.

“ಸಂತೆಗೋಗಿ ಬಂದಾಗಿಂದ ಹಿಂಗೇ ಕಣವ್ವಾ.”

“ಆವಿ ಹಿಡಿದ್ರಾ?”

“ಹಿಡಿದೆ ಹಿಡಿದೆ. ಸೊಸೆ ರಗ್ಗು ಮುಚ್ಚಿ, ನೀಲಗಿರಿ ಎಣ್ಣೆ ಬುಟ್ಟು ಹಿಡಿಸಿದ್ಳು.”

“ಯಾರ್ದು ಆವಿ ತಾತಾ ಅದು? ನಿಮ್ಮಪ್ಪಂದಾ?”

ಹಿಂದೆ ನಿಂತಿದ್ದ ತಮಿಳು ಹೆಂಗಸರಿಂದ ಶುರುವಾಯಿತು ನಗು. “ಆವಿ ಪಿಡಿಕ್ಕಿರದು! ಅಯ್ಯೋ, ಅಂದ ಆವಿಯಾ!” ಎಂದು ಒಬ್ಬಳು, ಇದು ನೆಗಡಿಗೆ ಹಿಡಿಯುವ ಆವಿಯೆಂದು ತಿಳಿದು, ಹಣೆ ಬಡಿದುಕೊಂಡಳು. ಮುನಿಯಲ್ಲಪ್ಪ ಸೀನುತ್ತ, ನಗುತ್ತ, ಕಣ್ಣೀರು ಒರೆಸಿಕೊಳ್ಳುತ್ತ, “ನಮ್ಮಪ್ಪಂದೇ ಇರ್ಬೇಕು, ಅದ್ಕೇ ನೆಗಡಿ ಬುಡ್ತಿಲ್ಲ,” ಎಂದ.

ನಗು ಇಳಿಯಿತು. ಈಗ ಎಲ್ಲರ ಕಣ್ಣೂ ಕುಕ್ಕರಿನ ಮೇಲೆ. ಕುಕ್ಕರ್ ಮಾತ್ರ ಸುಮ್ಮನೆ ಕೂತಿತ್ತು. ಒಳಗಾಗಿದ್ದರೆ ಇಷ್ಟೊತ್ತಿಗೆ ನೀರು ಕುದಿಯಬೇಕಿತ್ತು. ಇಲ್ಲಿ ಕೆರೆಯ ಕಡೆಯಿಂದ ಗಾಳಿ, ಉರಿ ಅತ್ತಿತ್ತ ತೊನೆಯುತ್ತಿತ್ತು. ಸಾಯಂಕಾಲದ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತನ್ನ ಬುದ್ಧಿಗೆ ಶಾಪ ಹಾಕಿಕೊಂಡಳು. ಒಬ್ಬಳು, “ಹಾಲು ಕರೀಬೇಕು,” ಎಂದು ಸೆರಗು ಕೊಡವಿದಳು. ಅವಳು ಹೋದರೆ ಹಿಂದೆ ಹತ್ತು ಜನ ಹೋಗುತ್ತಾರೆ.

“ಅಕ್ಕಾ, ಹೋಗ್ಬ್ಯಾಡಿ. ಗಾಳಿ ಬತ್ತೈತೆ. ಒಸಿ ಈ ಕಡೆ ಬಂದು ಅಡ್ಡ ನಿಲ್ರಿ,” ಎಂದಳು ಪದ್ಮಶ್ರೀ. ಅದನ್ನೇ ತಮಿಳಿನಲ್ಲಿ ಹೇಳಿದಳು, ಬಾಯಿ ತಡವರಿಸಿ ಅರ್ಧ ತೆಲುಗಾಯಿತು. “ಎಲ್ಲಾ ಕಲ್ಸಿ ಸಾರು ಮಾಡ್ಬುಟ್ಟೆ,” ಎಂದು ಯಾರೋ ರೇಗಿಸಿದರು. “ಸಾರಿಗೂ ಆವಿ ಬೇಕಲ್ಲ,” ಎಂದಳು. ಹೆಂಗಸರು ನಗುತ್ತ ಬಂದು ಒಲೆಯ ಸುತ್ತ ಗೋಡೆಯಂತೆ ನಿಂತರು. ರಾಮಲಕ್ಷ್ಮಮ್ಮ ನಿಂಬೆಹಣ್ಣನ್ನು ಸೊಂಟಕ್ಕೆ ಸಿಕ್ಕಿಸಿ ಸೀರೆಯ ನೆರಿಗೆ ಅಗಲ ಮಾಡಿದಳು. ಮಕ್ಕಳನ್ನು ಭೈರೇಶ ಗೆರೆ ಎಳೆದು ಆಚೆ ನಿಲ್ಲಿಸಿದ.

ಅವಳಿಗೆ ಈಗ ನಿಲ್ಲಿಸಲು ಭಯ. ಮಾತು ನಿಂತರೆ ಜನ ಚದುರುತ್ತಾರೆ, ತನ್ನ ಗಂಟಲೂ ಮತ್ತೆ ಬೀಗ ಹಾಕಿಕೊಳ್ಳುತ್ತದೆ. ಅದಕ್ಕೇ ಕೇಳುತ್ತಲೇ ಹೋದಳು. ಮುದ್ದೆ ಎಸರು ಕುದಿಯುವಾಗ ಮುಚ್ಚಳ ಕುಣಿಯುತ್ತದಲ್ಲ, ಯಾರ ಮನೆಯಲ್ಲಿ ಜಾಸ್ತಿ ಕುಣಿಯುತ್ತದೆ? ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕ ಯಾಕೆ ಮಂಜಾಗುತ್ತದೆ? ಜವಾಬು ಒಂದಕ್ಕೊಂದು ಡಿಕ್ಕಿ ಹೊಡೆದವು. ಹಾಲು ಕರೆಯಬೇಕಿದ್ದವಳೇ ಮುಚ್ಚಳ ಹಾರಿ ಬೆಕ್ಕಿನ ಮೇಲೆ ಬಿದ್ದ ಕತೆ ಹೇಳತೊಡಗಿದಳು.

ಕುಕ್ಕರ್ ಗೊರಗೊರ ಎಂದಿತು. ಕೊಳವೆಯಿಂದ ಬಿಳಿಯ ಎಳೆಯೊಂದು ಎದ್ದಿತು.

ಪದ್ಮಶ್ರೀ ಕೋಲು ಎತ್ತಿ ಚಕ್ರವನ್ನು ಅದರ ಮೇಲೆ ಹಿಡಿದಳು. ಚಕ್ರ ನಡುಗಿತು, ಅಷ್ಟೆ. ಇನ್ನಷ್ಟು ಹತ್ತಿರ ಹಿಡಿದಳು. ತಗಡಿನ ಮೇಲೆ ನೀರಹನಿ ಕೂತಿತೇ ಹೊರತು ಚಕ್ರ ಕದಲಲಿಲ್ಲ.

“ಕೈ ಕೊಡ್ತಲ್ಲಮ್ಮಾ,” ಎಂದ ಮುನಿಯಲ್ಲಪ್ಪ ಮೆಲ್ಲಗೆ.

ಭೈರೇಶ ಅವಳ ಕಡೆ ಕೈ ಚಾಚಿದ. ಅವಳು ಕೊಡಲಿಲ್ಲ. “ಇರಿ, ಇರಿ. ತಪ್ಪು ಆವೀದಲ್ಲ, ನಂದು. ಸೂಜಿ ಬಿಗಿಯಾಗೈತೆ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಉಗುರಿನಿಂದ ಗುಂಡುಸೂಜಿಯನ್ನು ಸಡಿಲಿಸಿದಳು. ಬೆರಳು ಚುರುಗುಟ್ಟಿತು. ಆವಿಯ ಎಳೆ ಈಗ ದಪ್ಪನಾಗಿ, ಸುಸ್ಸೆಂದು ಸದ್ದು ಮಾಡುತ್ತ ಮೇಲೇರುತ್ತಿತ್ತು. ಕೋಲನ್ನು ಓರೆಯಾಗಿ, ರೆಕ್ಕೆಯ ಅಂಚಿಗೆ ತಾಗುವಂತೆ ಚಾಚಿದಳು.

ಚಕ್ರ ಒಂದು ಸುತ್ತು ಹಾಕಿತು. ನಿಂತಿತು. ಇನ್ನೊಂದು ಸುತ್ತು. ಆಮೇಲೆ ರೆಕ್ಕೆಗಳು ಕಾಣದಂತೆ ಬರ್‍ರೆಂದು ತಿರುಗಿತು, ಇಳಿಬಿಸಿಲು ಅದರಿಂದ ಚಿಮ್ಮಿ ಹೆಂಗಸರ ಮುಖಗಳ ಮೇಲೆ ಓಡಾಡಿತು. ಮಕ್ಕಳು ಗೆರೆ ಮರೆತು ಕೂಗಿದರು.

“ಅಯ್ಯಯ್ಯಪ್ಪ! ಯಾರೂ ಮುಟ್ಟದೇನೇ! ಯಾಕಮ್ಮಾ ತಿರುಗ್ತೈತೆ?” ಎಂದಳು ರಾಮಲಕ್ಷ್ಮಮ್ಮ.

ಪದ್ಮಶ್ರೀ ಕೋಲು ಕದಲಿಸದೆ, ಒಂದೊಂದೇ ಮುಖ ನೋಡಿ ಹೇಳಿದಳು: “ನೀರು ಕಾದ್ರೆ ಆವಿ ಆಗ್ತದೆ. ನೀರಿಗೆ ಸಾಕಾಗಿದ್ದ ಜಾಗ ಆವಿಗೆ ಸಾಕಾಗಲ್ಲ. ಒಳಗೆ ಒತ್ತಿ ಒತ್ತಿ, ಸಿಕ್ಕಿದ ಸಂದೀಲಿ ನುಗ್ಗಿ ಬತ್ತದೆ. ಆ ನುಗ್ಗೋ ಬಲ ರೆಕ್ಕೇನ ತಳ್ತದೆ. ಅದ್ಕೇ ತಿರುಗ್ತು.” ಅದನ್ನೇ ತಮಿಳಿನಲ್ಲಿ ಹೇಳಿದಳು. ತೆಲುಗಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಹಾಲು ಕರೆಯಬೇಕಿದ್ದವಳು ಮುಗಿಸಿದಳು. ಗೇಟಿಗೆ ಬಂದು ಕೇಳುತ್ತಿದ್ದ ವೆಂಕಟಸ್ವಾಮಿ ಜೇಬಿನ ಪೆನ್ನು ತೆಗೆದು ಆಫೀಸಿನ ಕಡೆ ನಡೆದರು. ಪದ್ಮಶ್ರೀ ಬಗ್ಗಿ ಒಲೆ ಆರಿಸಿದಳು.