ಪುಟ್ಟಿಯ ಸರದಿ

ಒಂದು ಬೋಟಿಗೆ ಇಬ್ಬರು ಕ್ಯಾಪ್ಟನ್‌ಗಳಾದರೆ ಏನಾಗುತ್ತದೆಂದು ತಿಳಿಯಬೇಕೇ? ಷಡ್ಡಕರಿಬ್ಬರನ್ನು ಒಂದೇ ಬೋಟು ಹತ್ತಿಸಿ ನೋಡಿ. ವಕೀಲರು ಎಡಕ್ಕೆ ಎಂದರೆ ಕಂಟ್ರಾಕ್ಟರು ಬಲಕ್ಕೆ ಎನ್ನುತ್ತಿದ್ದರು. ಬೋಟು, ಪಾಪ, ಇಬ್ಬರ ಮಾತನ್ನೂ ಕೇಳದೆ ನೀರು ಕರೆದ ಕಡೆಗೆ ಹೋಗುತ್ತಿತ್ತು.

ಸಮುದ್ರಕ್ಕೂ ಊರುಗಳಿಗೂ ನಡುವೆ, ಮರಳುದಿಬ್ಬದ ಮರೆಯಲ್ಲಿ ಉದ್ದಕ್ಕೆ ಚಾಚಿದ್ದ ಹಿನ್ನೀರು ಅದು. ಬೋಟೊಂದನ್ನು ಬಾಡಿಗೆಗೆ ಹಿಡಿದು, ತಾವೇ ನಡೆಸಿಕೊಂಡು, ಸಂಜೆಗೊಂದು ಊರಿನ ಜೆಟ್ಟಿಗೆ ಕಟ್ಟಿ ಮಲಗುವುದೆಂದು ಅಕ್ಕ-ತಂಗಿ ಮಾಡಿದ ಯೋಜನೆ. ಗಂಡಂದಿರು ಸುಮ್ಮನೆ ಜೊತೆಗೆ ಬಂದವರು. ಬಂದ ಮೇಲೆ ಯೋಜನೆಯೂ ಅವರದೇ ಆಯಿತು, ಬೋಟೂ ಅವರದೇ ಆಯಿತು. ಅಕ್ಕ ಕಂಟ್ರಾಕ್ಟರ ಹೆಂಡತಿ. ತಂಗಿ ವಕೀಲರ ಹೆಂಡತಿ, ಶಿಶುವಿಹಾರದ ಟೀಚರು, ಊರಿನ ಅರ್ಧ ಮಕ್ಕಳಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಕಲಿಸಿದವಳು. ಐವತ್ತೈದು ದಾಟಿದ್ದರೂ ಮನೆಮಂದಿಗೆಲ್ಲ ಅವಳು ಪುಟ್ಟಿಯೇ.

ಹೊರಡುವಾಗ ಬೋಟಿನ ಮಾಲೀಕ ನಾಲ್ವರಿಗೂ ಪಾಠ ಹೇಳಿ, ಒಬ್ಬೊಬ್ಬರ ಕೈಗೂ ಚುಕ್ಕಾಣಿ ಕೊಟ್ಟು ನೋಡಿದ್ದ. ಅಕ್ಕ ತನಗೆ ಬೇಡವೆಂದಳು. ಉಳಿದ ಮೂವರಿಗೂ ದಿನಕ್ಕೊಬ್ಬರಂತೆ ಸರದಿ ಎಂದು ಮಾತಾಯಿತು. ಪುಟ್ಟಿಯ ಸರದಿ ಬಂದಾಗ ಒಮ್ಮೆ ಗಾಳಿ ಜೋರಾಗಿತ್ತಂತೆ, ಇನ್ನೊಮ್ಮೆ ಮುಂದೆ ಸೇತುವೆ ಇತ್ತಂತೆ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಕಾರು ಕಲಿಯಲು ಹೋಗಿ ಅವಳು ಮನೆಯ ಗೇಟನ್ನು ಬುಡಸಮೇತ ಕಿತ್ತುಹಾಕಿದ್ದಳು. ಅಂದು ಅವಳ ಕೈಯಿಂದ ಹೋದ ಕೀಲಿಕೈ ಮತ್ತೆ ಬರಲೇ ಇಲ್ಲ. ಮೊದಲು ಗಂಡನ ಪಕ್ಕ, ಆಮೇಲೆ ಮಗನ ಹಿಂದೆ, ಹೀಗೆ ಕೂತು ಕೂತೇ ಅವಳ ಆಯುಷ್ಯ ಸವೆದಿತ್ತು. ಅದು ಅವಳಿಗೆ ನೋವೇ. ನಗೆಯಾಡಿದವರ ಜೊತೆ ತಾನೂ ನಕ್ಕಿದ್ದಳು, ಅಷ್ಟೇ.

ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ: ಪ್ರವಾಸ ಮುಗಿಯುವುದರೊಳಗೆ ಒಂದು ಸಲ ಈ ಬೋಟನ್ನು ತಾನೇ ಜೆಟ್ಟಿಗೆ ತಂದು ನಿಲ್ಲಿಸಬೇಕು. ಓಡಿಸುವುದು ಯಾರಿಗಾದರೂ ಬರುತ್ತದೆ, ನಿಲ್ಲಿಸುವುದೇ ವಿದ್ಯೆ ಎಂದು ಗಂಡಸರನ್ನು ನೋಡಿ ನೋಡಿ ಅವಳಿಗೆ ತಿಳಿದಿತ್ತು.

ಅವರು ನಿಲ್ಲಿಸುತ್ತಿದ್ದ ಚಂದವೋ! ಜೆಟ್ಟಿಯ ಮೇಲೆ ನಾಲ್ಕು ಜನ ನಿಂತಿದ್ದರೆ ಸಾಕು, ಇಬ್ಬರಿಗೂ ಮೈಮೇಲೆ ಬಂದಂತಾಗುತ್ತಿತ್ತು. ಸರಿಯಾಗಿ ಬರಲಿಲ್ಲವೆಂದು ಬೋಟು ತಿರುಗಿಸಿ ಇನ್ನೊಮ್ಮೆ ಬರುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಎಂಜಿನ್ ಗರ್ರೆನ್ನಿಸಿ ನುಗ್ಗಿಸುತ್ತಿದ್ದರು. ಒಂದು ಊರಿನಲ್ಲಿ ಕಂಬ ವಾಲಿತು. ಇನ್ನೊಂದು ಊರಿನಲ್ಲಿ ಅಕ್ಕ ಚಹಾದ ಪಾತ್ರೆ ಸಮೇತ ಹಾಸಿಗೆಯ ಮೇಲೆ ಬಂದು ಬಿದ್ದಳು. "ಈ ಜೆಟ್ಟಿ ಕಟ್ಟಿರೋದೇ ಸೊಟ್ಟ," ಎಂದರು ಕಂಟ್ರಾಕ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕೊನೆಯ ದಿನ ಮಧ್ಯಾಹ್ನ ದೊಡ್ಡ ಅಳಿವೆಯ ಊರು ಕಣ್ಣಿಗೆ ಬಿತ್ತು. ಮರುದಿನ ಅಲ್ಲೇ ಬೋಟು ಒಪ್ಪಿಸಬೇಕು. ಇಳಿತದ ಹೊತ್ತು, ನೀರು ಸಮುದ್ರದ ಕಡೆಗೆ ರಭಸದಿಂದ ಎಳೆಯುತ್ತಿತ್ತು.

ಪುಟ್ಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚುಕ್ಕಾಣಿ ಹಿಡಿದು ಕೂತಿದ್ದ ಗಂಡನ ಪಕ್ಕ ಹೋಗಿ ನಿಂತಳು. "ಏಳಿ ಅಂದ್ರೆ. ಇವತ್ತು ನನ್ನ ಸರದಿ."

"ಈ ಸೆಳವಿನಲ್ಲಾ? ತಮಾಷೆ ಮಾಡ್ಬೇಡ ಕಣೇ."

"ಗೇಟು ಅಲ್ಲಮ್ಮಾ ಇದು, ಜೆಟ್ಟಿ," ಎಂದು ಕಂಟ್ರಾಕ್ಟರು ಕಿಸಕ್ಕನೆ ನಕ್ಕರು.

"ಗೊತ್ತು ಭಾವ. ಗೇಟು ಒಂದೇ ಒಂದು ಸಲ ಮುರಿದೆ ನಾನು. ನೀವಿಬ್ರೂ ಈ ವಾರದಲ್ಲಿ ಎಷ್ಟು ಮುರಿದ್ರಿ ಅಂತ ಹೇಳ್ಲಾ?"

ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದವಳೇ, "ಹಗ್ಗ ನಾನು ಹಿಡೀತೀನಿ, ನೀನು ನಡೆಸೇ," ಎಂದು ಮುಂತುದಿಗೆ ಹೋಗಿ ಕೂತಳು. ವಕೀಲರು ಎದ್ದರು.

ಪುಟ್ಟಿ ಜೆಟ್ಟಿಯನ್ನು ದಾಟಿ ಕೆಳಗೆ ಹೋಗಿ, ಬೋಟನ್ನು ತಿರುಗಿಸಿ, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಧಾನವಾಗಿ ಬಂದಳು. ಅಂಗೈ ಬೆವರಿ ಚುಕ್ಕಾಣಿ ಜಾರುತ್ತಿತ್ತು. ಇನ್ನೇನು ಬಂತು ಎನ್ನುವಾಗ ಬೋಟಿನ ಹಿಂಭಾಗವನ್ನು ಗಾಳಿ ಆಚೆಗೆ ತಳ್ಳಿತು.

"ಒತ್ತು! ಜೋರಾಗಿ ಒತ್ತು!" ವಕೀಲರು ಕೂಗಿದರು.

ಅವಳು ಒತ್ತಲಿಲ್ಲ. ಬೋಟನ್ನು ಹೊರಕ್ಕೆ ತಿರುಗಿಸಿ ನಡುನೀರಿಗೆ ಹೊರಟೇಬಿಟ್ಟಳು. ಜೆಟ್ಟಿಯ ಮೇಲಿದ್ದವರು ಹೋ ಎಂದರು.

"ಅಯ್ಯೋ, ಎಲ್ಲಿಗೆ ಹೋಗ್ತಿದ್ದೀಯೇ? ಜನ ನೋಡ್ತಿದ್ದಾರೆ!" ಎಂದರು ವಕೀಲರು.

"ನೋಡ್ಲಿ ಬಿಡಿ. ಅವರಿಗೂ ಹೊತ್ತು ಹೋಗ್ಬೇಕಲ್ಲ."

ಅಳುವ ಮಗುವಿನ ಬಾಯಿಗೆ ಚಮಚ ತುರುಕಬಾರದು, ಒಂದು ಸುತ್ತು ಹೋಗಿ ಬಂದು ಮತ್ತೆ ಹಿಡಿಯಬೇಕು. ಶಿಶುವಿಹಾರದಲ್ಲಿ ಅವಳು ದಿನವೂ ಮಾಡಿದ ಕೆಲಸ ಇದು. ಅದರಲ್ಲಿ ಮಾನ ಹೋಗುವಂಥದ್ದೇನೆಂದು ಅವಳಿಗೆ ಇಂದಿಗೂ ಅರ್ಥವಾಗಿಲ್ಲ.

ಎರಡನೆಯ ಸಲ ವೇಗ ಹೆಚ್ಚಾಯಿತು. ಮತ್ತೆ ಬಿಟ್ಟಳು, ಮತ್ತೆ ಸುತ್ತಿದಳು. ವಕೀಲರು ಮುಖ ಮುಚ್ಚಿಕೊಂಡರು. ಮೂರನೆಯ ಸಲ ಎಂಜಿನ್ನಿನ ಬಲವೂ ನೀರಿನ ಸೆಳವೂ ಸರಿಸಮ ತೂಗಿದವು. ಬೋಟು ನಿಂತಲ್ಲೇ ನಿಂತಂತೆ ಇಷ್ಟಿಷ್ಟೇ ಪಕ್ಕಕ್ಕೆ ಸರಿಯಿತು. ಜೆಟ್ಟಿಗೆ ಕಟ್ಟಿದ್ದ ಟೈರು ಕಿರ್ರೆನ್ನಲೂ ಇಲ್ಲ. ಅಕ್ಕ ಹಗ್ಗ ಹಿಡಿದು, ಮನೆಯ ಮೆಟ್ಟಿಲು ಇಳಿಯುವಷ್ಟು ಸಲೀಸಾಗಿ ಜೆಟ್ಟಿಗೆ ಕಾಲಿಟ್ಟಳು.

ಹೋ ಎಂದಿದ್ದವರೇ ಚಪ್ಪಾಳೆ ತಟ್ಟಿದರು. ಪುಟ್ಟಿಯ ಬಾಯಿ ಕಿವಿಯ ತನಕ ಹೋಗಿತ್ತು. ಇಷ್ಟು ಖುಷಿಯಾಗಿ ಎಷ್ಟು ವರ್ಷವಾಗಿತ್ತೋ.

ಗಂಡಸರಿಬ್ಬರೂ ಇಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಜೆಟ್ಟಿಯ ಕಾವಲುಗಾರ ಸೀಟಿ ಊದುತ್ತ ಬಂದ. "ಇದು ಮೀನಿನ ಬೋಟಿನ ಜಾಗ ಸಾರ್. ನಿಮ್ದು ಅಲ್ಲಿ, ಆ ತುದೀಲಿ ಹಾಕ್ಬೇಕು."

ಎಲ್ಲರೂ ತುದಿಯತ್ತ ನೋಡಿದರು. ಎರಡು ಬಿಳಿ ಬೋಟುಗಳ ನಡುವೆ ಒಂದು ಸಂದು. ಕಂಟ್ರಾಕ್ಟರು ಷಡ್ಡಕನ ಮುಖ ನೋಡಿದರು. ವಕೀಲರು ಆ ಸಂದನ್ನು ನೋಡಿದರು, ಓಡುವ ನೀರನ್ನು ನೋಡಿದರು, ಚುಕ್ಕಾಣಿ ಬಿಡದೆ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಬಗ್ಗಿ, ಹಗ್ಗ ಬಿಚ್ಚಿ, ಸುರುಳಿ ಸುತ್ತಿ ಬೋಟಿನೊಳಕ್ಕೆ ಹಾಕಿದರು.

"ನೀನೇ ಹಾಕ್ಕೊಂಡು ಬಾ ಪುಟ್ಟಿ. ಅಲ್ಲಿ ಹಗ್ಗ ಹಿಡಿಯೋಕೆ ನಾನಿರ್ತೀನಿ."

ಬೋಟು ಜೆಟ್ಟಿ ಬಿಟ್ಟಿತು. ಒಳಗೆ ಪುಟ್ಟಿ ಒಬ್ಬಳೇ. ಸಂದಿನ ಕಡೆಗೆ ಹೋಗುವ ಬದಲು ಅವಳು ನಡುನೀರಿಗೆ ಹೊರಟಳು, ಅದನ್ನೂ ದಾಟಿ ಅಗಲವಾದ ನೀರಿಗೆ ಹೋದಳು, ಬೆನ್ನು ನೆಟ್ಟಗೆ ಮಾಡಿಕೊಂಡು, ಸೆರಗು ಪಟಪಟ ಹಾರುತ್ತಿರಲು.

"ಜಾಗ ಇಲ್ಲಿದೆ, ಅವಳ್ಯಾಕೆ ಅಷ್ಟು ದೂರ ಹೋಗ್ತಿದ್ದಾಳೆ?" ಕಂಟ್ರಾಕ್ಟರು ಗಾಬರಿಯಾದರು.

"ಹೋಗ್ಲಿ ಬಿಡ್ರೀ," ಎಂದಳು ಅಕ್ಕ. "ಅವಳಿಗೆ ಬೇಕು ಅನ್ನಿಸಿದಾಗ ಬರ್ತಾಳೆ."