ಕಣ್ಣು ಕಟ್ಟಿಕೊಂಡು ಆರಿಸಿದ ಹಿಡಿ

ಎವಾಲ್ಡ್ ಮೆಲ್ಶರ್‌ನ ಬೆರಳುಗಳ ಬಗ್ಗೆ ಜರ್ಮನಿಯ ಸೋಲಿಂಗನ್ನಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವನಿಗಂತೂ ಮೊದಲೇ ಇರಲಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ರೇಜರ್ ಕಾರ್ಖಾನೆ ಸೇರಿದವನು, ಪೆನ್ಷನ್ ಬರುವವರೆಗೂ ಲೋಹ ಕಡೆಯುವ ಒಂದೇ ಲೇತಿನ ಮುಂದೆ ನಿಂತು ಸೇಫ್ಟಿ ರೇಜರಿನ ಹಿಡಿಗಳನ್ನು ಕಡೆದಿದ್ದ. ಸೋಪು ಹತ್ತಿದ ಕೈಯಿಂದ ಜಾರದಿರಲೆಂದು ಹಿಡಿಯ ಮೈಮೇಲೆ ಅಡ್ಡಡ್ಡ ಸಣ್ಣ ಗೀರು ಕೊರೆಯುತ್ತಾರಲ್ಲ, ಅದರಲ್ಲಿ ಅವನದು ಎತ್ತಿದ ಕೈ. ಗೀರು ಒಂದೆಳೆ ಹೆಚ್ಚು ಆಳವಾದರೂ ಹೆಬ್ಬೆರಳಿನಲ್ಲಿ ಸವರಿ ಹೇಳಿಬಿಡುತ್ತಿದ್ದ. ಕೆಲಸದ ಕೊನೆಯ ವಾರದಲ್ಲಿ ತನಗೆಂದೇ ಉಕ್ಕಿನದೊಂದು ಹಿಡಿ ಕಡೆದುಕೊಂಡು ಮನೆಗೆ ಬಂದಿದ್ದ. ಅಂದಿನಿಂದ ಬೇರೆ ಯಾವ ಹಿಡಿಯೂ ಅವನ ಕೆನ್ನೆಯ ಹತ್ತಿರ ಸುಳಿದಿರಲಿಲ್ಲ.

ವೂಪರ್ ಹೊಳೆಯ ದಂಡೆಯ ಹೋಟೆಲೊಂದರ ಹಿಂಬದಿ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಹಳೆಯ ಗೆಳೆಯರು ಸೇರುತ್ತಿದ್ದರು. ರೇಜರಿನ ಹುಚ್ಚು ಹತ್ತಿದವರ ಸಂಘ ಅದು. ಬಿಯರು, ಹೊಗೆಯಾಡಿಸಿದ ಸಾಸೇಜು, ಈರುಳ್ಳಿ ಇಟ್ಟ ಕರಿ ಬ್ರೆಡ್ಡು, ಜೊತೆಗೆ ಯಾವ ಹಿಡಿ ಮೇಲು ಯಾವುದು ಕೀಳು ಎಂಬ ಜಗಳ. ಆ ದಿನ ಜಗಳಕ್ಕೆ ಬೇಕರಿಯ ಬೆರ್ಟೋಲ್ಟ್ ಕಾರಣ. ಹೊಸದಾಗಿ ಕೊಂಡ, ಒಂದೂ ಗೀರಿಲ್ಲದ ನುಣ್ಣನೆ ಹಿಡಿಯೊಂದನ್ನು ತಂದು, ಇನ್ನು ಮೇಲೆ ಇದೇ ತನ್ನ ಮೆಚ್ಚಿನದು ಎಂದುಬಿಟ್ಟಿದ್ದ.

"ಅದನ್ನ ಹಿಡ್ಕೊಂಡು ಗಡ್ಡ ಕೆರೀತೀಯೋ, ಮೀನು ಹಿಡೀತೀಯೋ?" ಎಂದು ಎವಾಲ್ಡ್ ಛೇಡಿಸಿದ. "ಹಿಡಿ ಅಂದ್ರೆ ಬೆರಳಿನ ಜೊತೆ ಮಾತಾಡ್ಬೇಕು ಕಣಪ್ಪಾ. ನನ್ನ ಹಿಡೀನ ಕತ್ತಲಲ್ಲಿ ಕೊಡು, ಗುರುತು ಹಿಡೀತೀನಿ."

"ಕತ್ತಲಾಗೋವರೆಗೂ ಯಾಕೆ ಕಾಯೋದು? ಟವೆಲ್ ಇದೆಯಲ್ಲ!" ಎಂದ ಡೀಟ್ಮಾರ್. ಲೇತಿನ ಕಾಲದಿಂದಲೂ ಎವಾಲ್ಡನ ಪಕ್ಕ ನಿಂತವನು, ಕಾಲೆಳೆಯುವುದರಲ್ಲಿ ನಿಸ್ಸೀಮ.

ಎಲ್ಲರ ರೇಜರುಗಳಿಂದ ಹಿಡಿಗಳನ್ನು ತಿರುಗಿಸಿ ಬಿಚ್ಚಿ, ಒಂದು ತಟ್ಟೆಯಲ್ಲಿ ಬೆರೆಸಿ ಇಟ್ಟರು. ಮೊದಲು ಬೆರ್ಟೋಲ್ಟನ ಕಣ್ಣು ಕಟ್ಟಿದರು. ತನ್ನದನ್ನು ಥಟ್ಟನೆ ಎತ್ತಿದ. ಡೀಟ್ಮಾರನೂ ಅಷ್ಟೇ. ಆಮೇಲೆ ಎವಾಲ್ಡ್ ಕಣ್ಣಿಗೆ ಟವೆಲ್ ಸುತ್ತಿಸಿಕೊಂಡು, ಮದುಮಗನ ಹಾಗೆ ಎದೆ ಸೆಟೆಸಿ ಕುಳಿತ.

"ಮುಟ್ಟಿ ಹೇಳ್ಬೇಕು. ಮೂಸಿ ನೋಡೋ ಹಾಗಿಲ್ಲ!" ಎಂದ ಡೀಟ್ಮಾರ್.

ಎವಾಲ್ಡ್ ಮೊದಲನೆಯದನ್ನು ಎತ್ತಿದ. ಏನೂ ತಿಳಿಯಲಿಲ್ಲ. ಬಿಯರಿನ ಲೋಟ ಹಿಡಿದು ಕೈ ತಣ್ಣಗಾಗಿರಬೇಕು ಅಂದುಕೊಂಡು ಅಂಗೈ ಉಜ್ಜಿದ. ಎರಡನೆಯದು, ಮೂರನೆಯದು... ಎಲ್ಲವೂ ದಪ್ಪ ಕೈಗವಸು ತೊಟ್ಟು ಮುಟ್ಟಿದ ಹಾಗಿದ್ದವು. ಆಮೇಲೆ ತೂಕ ಸರಿಯೆನಿಸಿದ ಒಂದು ಕೈಗೆ ಬಂತು. ಬಂದದ್ದೇ ತಡ, ಗೀರುಗಳೂ ಬೆರಳಿಗೆ ಸಿಕ್ಕಂತಾಯಿತು.

"ಇದೇ!" ಎಂದು ಕೂಗಿದ. "ನೋಡ್ರೋ ಈ ಗೀರುಗಳನ್ನ! ಎಷ್ಟು ಚೂಪು, ಎಷ್ಟು ಸಮ. ಇದಕ್ಕೆ ಅಂತಾರೆ ಕೈಕೆಲಸ!"

ಕೋಣೆಯ ಸೂರು ಹಾರಿಹೋಗುವಂತೆ ನಕ್ಕರು. ಬೆರ್ಟೋಲ್ಟ್ ಕುರ್ಚಿಯಿಂದ ಬೀಳುವುದೊಂದೇ ಬಾಕಿ.

"ಲೋ, ಅದರಲ್ಲಿ ಗೀರೇ ಇಲ್ಲ ಕಣೋ!" ಎಂದ ಡೀಟ್ಮಾರ್, ಕಣ್ಣೊರೆಸಿಕೊಳ್ಳುತ್ತ.

ಎವಾಲ್ಡ್ ಟವೆಲ್ ಕಿತ್ತ. ಕೈಯಲ್ಲಿದ್ದದ್ದು ಬೆರ್ಟೋಲ್ಟನ ನುಣ್ಣನೆಯ ಹಿಡಿ. ಅದರ ಮೈಯಲ್ಲಿ ಕಿಟಕಿಯ ಬೆಳಕು ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಹೆಬ್ಬೆರಳು ಇನ್ನೂ ಅದರ ಮೇಲೆ ಓಡಾಡುತ್ತಿತ್ತು, ಬೇರೆ ಯಾರದೋ ಬೆರಳಿನ ಹಾಗೆ.

"ನಿಮ್ಮನ್ನ ನಗಿಸೋಣ ಅಂತ ಹಾಗಂದೆ ಕಣ್ರೋ," ಎಂದು ತಾನೂ ನಕ್ಕ. ಎಲ್ಲರೂ ನಂಬಿದರು. ಡೀಟ್ಮಾರ್ ಮಾತ್ರ ನಗು ನಿಲ್ಲಿಸಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

ಮನೆಗೆ ಹೋಗುವ ಬಸ್ಸಿನಲ್ಲಿ ಎವಾಲ್ಡ್ ಕೋಟಿನ ಜೇಬಿಗೆ ಕೈ ಹಾಕಿದ. ಕಣ್ಣು ಮುಚ್ಚಿಕೊಂಡು ತಡಕಾಡಿದರೆ, ಬೀಗದ ಕೈ ಯಾವುದು, ಕೆಮ್ಮಿನ ಮಿಠಾಯಿ ಯಾವುದು ಗೊತ್ತಾಗಲಿಲ್ಲ. ಎಡಗೈ ಹಾಕಿ ನೋಡಿದ. ಅದೂ ಹಾಗೇ. ಇಷ್ಟು ದಿನ ಕಣ್ಣು ಕಂಡದ್ದನ್ನೇ ಬೆರಳು ಮುಟ್ಟಿತು ಅಂದುಕೊಂಡು ಬಾಳಿದ್ದೆನಲ್ಲ ಎಂದು ತಲೆ ಗಿರ್ರೆಂದಿತು. ಇಳಿಯುವ ಸ್ಟಾಪು ದಾಟಿಹೋಗಿದ್ದು ತಿಳಿಯಲಿಲ್ಲ.

ಹೆಂಡತಿ ರೋಸ್ವಿತಾಳಿಗೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಹೊಸ ಬ್ಲೇಡು ಹಾಕುತ್ತ, ಇದನ್ನಾದರೂ ಕೈ ಮರೆತಿರಲಾರದು ಎಂದು ಕಣ್ಣು ಮುಚ್ಚಿದ. ಬ್ಲೇಡು ಕೂರಿಸಿದ, ಹಿಡಿ ತಿರುಗಿಸಿ ಬಿಗಿದ. ಎಲ್ಲ ಸಲೀಸಾಗಿ ಆಯಿತು. ನಿಟ್ಟುಸಿರು ಬಿಟ್ಟು ಕಣ್ಣು ತೆರೆದರೆ, ಬಿಳಿಯ ಬೇಸಿನ್ ತುಂಬ ರಕ್ತ.

ಟವೆಲ್ ಇಡಲು ಬಂದ ರೋಸ್ವಿತಾ ಕಿಟಾರನೆ ಕಿರುಚಿದಳು. "ಅಯ್ಯೋ, ಏನಾಯ್ತು? ಎಲ್ಲಿ ಕುಯ್ತು?"

"ಗೊತ್ತಿಲ್ಲ," ಎಂದ. ನಿಜವಾಗಿಯೂ ಗೊತ್ತಿರಲಿಲ್ಲ. ಕೈ ನೀರಿನಡಿ ಹಿಡಿದಾಗ ತೋರುಬೆರಳು ಬಾಯಿ ಬಿಟ್ಟುಕೊಂಡಿತ್ತು.

"ಉರೀತಿಲ್ವಾ?"

"ಇಲ್ಲ."

ರಕ್ತ ಕಂಡಾಗ ಹೆದರದಷ್ಟು ಆ ಒಂದು ಮಾತಿಗೆ ರೋಸ್ವಿತಾ ಹೆದರಿದಳು. ಬೆರಳಿಗೆ ಬಟ್ಟೆ ಬಿಗಿಯುತ್ತಲೇ ರೇಗಿದಳು. "ಅಂಗಿ ಗುಂಡಿ ಅರ್ಧರ್ಧ ಹಾಕ್ಕೊಂಡು ಓಡಾಡ್ತಿದ್ದಾಗ ಸೋಮಾರಿ ಅಂತ ಬೈದೆ. ಕಾಫಿ ಬಟ್ಟಲು ಒಡೆದಾಗ, ಬಟ್ಟಲೇ ಜಾರುತ್ತೆ ಅಂದೆ ನೀನು! ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ನನಗೇ ಗೊತ್ತಿರಲಿಲ್ಲ, ರೋಸಿ. ನಿನ್ನೆ ಗೊತ್ತಾಯ್ತು." ಅಷ್ಟು ಹೇಳಿ, ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕುಸಿದು ಕುಳಿತ. ಮೂರು ಮಕ್ಕಳನ್ನು ಹೆತ್ತು ಬೆಳೆಸಿದ ಮನೆಯಲ್ಲಿ ಅವನು ಹಾಗೆ ಕುಸಿದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ತೋರಿಸಿದ್ದು ಕೈಯನ್ನು, ಡಾಕ್ಟರು ನೋಡಿದ್ದು ಕತ್ತನ್ನು. ಮೊಮ್ಮಗಳ ವಯಸ್ಸಿನ ಆ ಹುಡುಗಿ ಅವನನ್ನು ನೆಟ್ಟಗೆ ಒಂದು ಗೆರೆಯ ಮೇಲೆ ನಡೆಯಲು ಹೇಳಿದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವನು ಗೋಡೆ ಹಿಡಿದ. ಸ್ಕ್ಯಾನ್ ಮಾಡಿಸಿದ ಮೇಲೆ ಕೂರಿಸಿಕೊಂಡು ಹೇಳಿದಳು:

"ಮೆಲ್ಶರ್ ಅವರೇ, ನಿಮ್ಮ ಬೆರಳುಗಳದ್ದೇನೂ ತಪ್ಪಿಲ್ಲ. ಕತ್ತಿನ ಮೂಳೆ ಬೆಳೆದು ಬೆನ್ನುಹುರಿಯನ್ನ ಒತ್ತುತ್ತಿದೆ. ಬೇಗ ಆಪರೇಷನ್ ಆಗ್ಬೇಕು. ಬಿಟ್ಟರೆ ಕಾಲೂ ಕೈಕೊಡುತ್ತೆ."

"ಆಪರೇಷನ್ ಆದ್ರೆ ಬೆರಳು ಮೊದಲಿನ ಹಾಗಾಗುತ್ತಾ?"

"ಇನ್ನಷ್ಟು ಹೋಗೋದನ್ನ ತಡೀಬಹುದು. ಹೋಗಿರೋದು ಎಷ್ಟು ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲಾರೆ."

ಎವಾಲ್ಡ್‌ಗೆ ಆಮೇಲೆ ಆಕೆ ಹೇಳಿದ್ದೊಂದೂ ಕಿವಿಗೆ ಬೀಳಲಿಲ್ಲ. ಕಾರಿನಲ್ಲಿ ಕುಳಿತು ಸೀಟಿನ ಬೆಲ್ಟನ್ನು ಸಿಕ್ಕಿಸಲು ಹೋದ, ಆಗಲಿಲ್ಲ. ರೋಸ್ವಿತಾ ಬಗ್ಗಿ ಸಿಕ್ಕಿಸಿದಳು.

ಆಪರೇಷನ್ ಆಯಿತು. ನಡಿಗೆ ನೆಟ್ಟಗಾಯಿತು. ಹೆಬ್ಬೆರಳಿಗೆ ಸ್ವಲ್ಪ, ತೋರುಬೆರಳಿಗೆ ಅದಕ್ಕಿಂತ ಸ್ವಲ್ಪ ಕಡಿಮೆ ಜೀವ ಬಂತು. ಉಳಿದ ಬೆರಳುಗಳು ಮರಗಟ್ಟಿಯೇ ಉಳಿದವು. ಎವಾಲ್ಡ್ ಕ್ಷೌರ ನಿಲ್ಲಿಸಿ ಗಡ್ಡ ಬೆಳೆಸಿದ. ಸಂಘದ ಕಡೆ ತಲೆ ಹಾಕಲಿಲ್ಲ, ಫೋನು ಎತ್ತಲಿಲ್ಲ.

ಒಂದು ಮಧ್ಯಾಹ್ನ ಡೀಟ್ಮಾರ್ ಬ್ರೆಡ್ಡಿನ ಬುಟ್ಟಿಯೊಂದನ್ನು ಹೊತ್ತು ಒಳಗೆ ಬಂದ. ಬಟ್ಟೆ ಸರಿಸಿದರೆ, ಊರಲ್ಲಿದ್ದಬದ್ದ ಹಿಡಿಗಳೆಲ್ಲ ಅದರಲ್ಲಿದ್ದವು.

"ಅವತ್ತು ನಕ್ಕೆ ಕಣೋ," ಎಂದ. "ನಿನ್ನ ಮುಖ ನೋಡಿದ ಮೇಲೆ ನಗಬಾರದಿತ್ತು ಅನ್ನಿಸ್ತು. ಕೇಳೋಕೆ ಧೈರ್ಯ ಬರಲಿಲ್ಲ."

"ನೀನು ಕಣ್ಣು ಕಟ್ಟಿಸದೇ ಇದ್ದಿದ್ರೆ ನಾನು ಇಷ್ಟು ಹೊತ್ತಿಗೆ ಗಾಲಿಕುರ್ಚಿಯಲ್ಲಿರ್ತಿದ್ದೆ. ಸುಮ್ನಿರು."

"ಹಾಗಾದ್ರೆ ಆರಿಸು. ಗಡ್ಡದಲ್ಲಿ ನೀನು ಥೇಟ್ ಮೇಕೆ ಹಾಗೆ ಕಾಣ್ತೀಯ."

ಎವಾಲ್ಡ್ ಕಣ್ಣು ಮುಚ್ಚಿ ಒಂದೊಂದನ್ನೇ ಎತ್ತಿದ. ರೋಸ್ವಿತಾ ಗುಟ್ಟಾಗಿ ಬುಟ್ಟಿಗೆ ಸೇರಿಸಿದ್ದ, ಅವನೇ ಕಡೆದ ಉಕ್ಕಿನ ಹಿಡಿಯೂ ಎಲ್ಲದರ ಜೊತೆ ಕೈಗೆ ಬಂದು ಹೋಯಿತು. ಅದೆಂದು ಡೀಟ್ಮಾರ್ ಹೇಳಬೇಕಾಯಿತು. ಎವಾಲ್ಡ್ ಮುಂದಿನದಕ್ಕೆ ಕೈ ಹಾಕಿದ. ಬುಟ್ಟಿಯ ತಳದಲ್ಲಿ ದಪ್ಪನೆಯ ಹಿತ್ತಾಳೆಯದೊಂದು ಸಿಕ್ಕಿತು, ಸುತ್ತಲೂ ಬಳೆಯಂಥ ಉಬ್ಬುಗಳು. ಹೆಬ್ಬೆರಳು ಒಂದು ಬಳೆ ಹತ್ತಿತು, ಇಳಿಯಿತು, ಮತ್ತೊಂದನ್ನು ಹತ್ತಿತು.

"ಸಿಗ್ತಿದೆ," ಎಂದ. "ಡೀಟ್ಮಾರ್, ಇದು ಸಿಗ್ತಿದೆ ಕಣೋ."

"ಕುರ್ಚಿ ಕಾಲಿನ ಹಾಗಿದೆಯಲ್ಲೋ ಅದು!"

"ಇರಲಿ. ನನಗೆ ಇದೇ ಬೇಕು."

ಅವತ್ತೇ ಬಚ್ಚಲುಮನೆಯಲ್ಲಿ ಕನ್ನಡಿಯ ಮುಂದೆ ನಿಂತ. ಕೆನ್ನೆಯ ಗಡ್ಡ ಸಲೀಸಾಗಿ ಹೋಯಿತು. ಗಂಟಲಿನ ಹತ್ತಿರ ಬಂದಾಗ ರೇಜರನ್ನು ತಡೆದು ನಿಂತ. ಬಾಗಿಲಲ್ಲಿ ನಿಂತಿದ್ದ ರೋಸ್ವಿತಾ ರೇಜರನ್ನು ಇಸಿದುಕೊಂಡು, "ತಲೆ ಎತ್ತು," ಎಂದಳು. ಅವನು ಎತ್ತಿದ.