ನೀಲಿ ಗ್ರೀಸು

ಕಾಡುಕೋಣ ಎದುರು ಬಂದರೂ ಬೀಡಿ ಆರಿಸದೆ ನಿಂತು ನೋಡುವ ಆಸಾಮಿ ಎಂದು ಆಲ್ದೂರಿನಲ್ಲಿ ಹೆಸರಾದ ಮೆಕ್ಯಾನಿಕ್ ತಮ್ಮಯ್ಯನಿಗೆ ಲೋಕದಲ್ಲಿ ಹೆದರಿಕೆ ಹುಟ್ಟಿಸುತ್ತಿದ್ದ ವಸ್ತು ಒಂದೇ. ನಿಂಬೆಹಣ್ಣಿನಷ್ಟೂ ದಪ್ಪವಿಲ್ಲದ ಒಂದು ಉಕ್ಕಿನ ಗುಂಡು. ಕಾರಿನ ಮುಂದಿನ ಚಕ್ರವನ್ನು ಗಾಡಿಯಡಿಯ ಕಬ್ಬಿಣದ ತೋಳಿಗೆ ಹಿಡಿದಿಡುವ ಆ ಕೀಲಿಗೆ ಗ್ಯಾರೇಜಿನವರು ಬಾಲ್ ಜಾಯಿಂಟ್ ಎನ್ನುತ್ತಾರೆ. ಗುಂಡು ತನ್ನ ಬಟ್ಟಲಿನೊಳಗೆ ಗ್ರೀಸ್ ಮೆತ್ತಿಕೊಂಡು ನುಣ್ಣಗೆ ಹೊರಳುತ್ತಿರುವ ತನಕ ಯಾವ ತಾಪತ್ರಯವೂ ಇಲ್ಲ. ಬಟ್ಟಲು ಸವೆದು ಗುಂಡು ಕಳಚಿತೋ, ಚಕ್ರ ಮಡಚಿಕೊಳ್ಳುತ್ತದೆ, ಗಾಡಿ ಮಗುಚುತ್ತದೆ. ಹನ್ನೆರಡು ವರ್ಷದ ಹಿಂದೆ ಗೋಣಿಬೀಡಿನ ಹತ್ತಿರ ಹಾಗೆ ಮಗುಚಿದ ರೇಸ್ ಕಾರಿನಿಂದ ಗೆಳೆಯ ಜಯಪ್ರಕಾಶನನ್ನು ಎಳೆದು ತೆಗೆದವನು ತಮ್ಮಯ್ಯನೇ. ಜಯಪ್ರಕಾಶ ಇವತ್ತಿಗೂ ನಡೆಯುವುದಿಲ್ಲ.

ಇಂಥವನ ಒಬ್ಬಳೇ ಮಗಳು ಧನ್ಯಶ್ರೀಗೆ ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಓಡಿಸುವ ಹುಚ್ಚು ಹಿಡಿಯಬೇಕೇ! ಹಿಡಿಯಿತು. ಹಿಡಿಸಿದವನೂ ಅವನೇ ಬಿಡಿ. ಆರು ವರ್ಷದ ಹುಡುಗಿಯನ್ನು ಗ್ಯಾರೇಜಿನ ಟೈರಿನ ಮೇಲೆ ಕೂರಿಸಿಕೊಂಡು, ಹಳೆಯ ಗ್ರೀಸನ್ನು ಅವಳ ಬೆರಳಿಗೆ ಹಚ್ಚಿ, "ಉಜ್ಜಿ ನೋಡು, ಏನನ್ನಿಸ್ತದೆ ಹೇಳು" ಎನ್ನುತ್ತಿದ್ದ. ನುಣ್ಣಗಿದ್ದರೆ ಜಾಯಿಂಟ್ ಸರಿಯಿದೆ. ಮರಳು ಸಿಕ್ಕರೆ ಅದರ ಕತೆ ಮುಗಿಯಿತು. ಅಕ್ಷರಕ್ಕಿಂತ ಮೊದಲು ಆ ಹುಡುಗಿ ಕಲಿತ ಪಾಠ ಅದು.

ಕಳೆದ ವರ್ಷ ಅವಳ ಮೊದಲ ರೇಸು. ಅಂದು ಬೆಳಿಗ್ಗೆ ತಮ್ಮಯ್ಯ ಎಂದಿನಂತೆ ಚಕ್ರದ ಬುಡಕ್ಕೆ ಹಾರೆ ಕೊಟ್ಟು ಮೀಟಿ ನೋಡಿದ. ಜಾಯಿಂಟ್ ಬಂಡೆಯಂತೆ ಗಟ್ಟಿಯಾಗಿತ್ತು. ಆದರೆ ಕಣ್ಣ ಮುಂದೆ ಜಯಪ್ರಕಾಶನ ಕಾಲುಗಳು ಬಂದವು. "ಜಾಯಿಂಟ್ ಆಡ್ತಾ ಇದೆ ಮಾರಾಯ್ತಿ, ಈ ಸಲ ಬ್ಯಾಡ" ಎಂದುಬಿಟ್ಟ. ಧನ್ಯಶ್ರೀ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಹೆಲ್ಮೆಟ್ ಕೆಳಗಿಟ್ಟು ಬಸ್ಸು ಹತ್ತಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಆಮೇಲಿನಿಂದ ತಮ್ಮಯ್ಯ ಅವಳ ಕಾರಿನ ಜಾಯಿಂಟಿಗೆ ಹಾರೆ ಕೊಟ್ಟವನಲ್ಲ. ಹಾರೆ ಮುಟ್ಟಿದರೆ ಸಾಕು, ಅವಳ ಆ ನೋಟ ನೆನಪಾಗಿ ಕೈ ಹಿಂದೆ ಬರುತ್ತಿತ್ತು. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ, ಗ್ರೀಸ್ ಹೊಡೆದು ಎದ್ದುಬಿಡುತ್ತಿದ್ದ.

ಈ ವರ್ಷದ ಕಾರು ಮಲ್ಲಂದೂರಿನ ಪ್ಲಾಂಟರ್ ಸುಬ್ಬಣ್ಣನವರದು. ಅವರ ಎಸ್ಟೇಟಿನ ಶೆಡ್ಡಿನಲ್ಲೇ ಅದರ ಬಿಡಾರ. ಭಾನುವಾರ ಅವರದೇ ಪಾಳು ಗದ್ದೆಯ ಟ್ರ್ಯಾಕಿನಲ್ಲಿ ಧನ್ಯಶ್ರೀಯ ಅಭ್ಯಾಸ, ಶನಿವಾರ ತಮ್ಮಯ್ಯನ ಗ್ರೀಸ್ ಸೇವೆ. ಆಲ್ದೂರಿನ ಅಂಗಡಿಯವನು "ನೀರಿಗೂ ಜಗ್ಗಲ್ಲ, ಬಿಸಿಗೂ ಕರಗಲ್ಲ" ಎಂದು ಹೊಗಳಿ ಕೊಟ್ಟ ಹೊಸ ಡಬ್ಬಿಯಲ್ಲಿದ್ದದ್ದು ನೀಲಿ ಬಣ್ಣದ ಗ್ರೀಸು. ಅದರಿಂದ ಕೆಲಸವೂ ಹಗುರಾಗಿತ್ತು. ಗ್ರೀಸ್ ಗನ್ ಒತ್ತುತ್ತಾ ಹೋದರೆ ಜಾಯಿಂಟಿನ ರಬ್ಬರ್ ಟೊಪ್ಪಿಯ ಅಂಚಿನಿಂದ ಮೊದಲು ಹಳೆಯ ಕಪ್ಪು ಗ್ರೀಸು ಬರುತ್ತದೆ. ಹಿಂದೆಯೇ ನೀಲಿ ಇಣುಕಿತೆಂದರೆ ಒಳಗೆಲ್ಲ ಹೊಸದು ತುಂಬಿತು, ನಿಲ್ಲಿಸಬಹುದು. ಎಡಗಡೆಯ ಜಾಯಿಂಟಂತೂ ವಾರವಾರವೂ ಎರಡನೇ ಒತ್ತಿಗೇ ನೀಲಿ ತೋರಿಸುತ್ತಿತ್ತು. ಇದು ಬಂಗಾರದಂಥ ಜಾಯಿಂಟು ಎಂದು ತಮ್ಮಯ್ಯ ಬಟ್ಟೆಯಿಂದ ಒರೆಸಿ ಮುಂದಕ್ಕೆ ಹೋಗುತ್ತಿದ್ದ.

ರೇಸಿನ ದಿನ ಅದೇ ಟ್ರ್ಯಾಕಿನ ಮೇಲೆ ಬಿಸಿಲು ಚೆನ್ನಾಗಿ ಏರಿತ್ತು. ಒಬ್ಬೊಬ್ಬರೇ ಓಡಿಸಬೇಕು, ಗಡಿಯಾರ ನೋಡಿ ಲೆಕ್ಕ, ಮೊದಲ ಮೂರರಲ್ಲಿ ಬಂದವರಿಗೆ ರಾಜ್ಯ ಮಟ್ಟದ ರೇಸಿಗೆ ಜಾಗ. ಧನ್ಯಶ್ರೀ ಸಾಲಿನಲ್ಲಿ ನಿಂತಿದ್ದಳು, ಅವಳ ಮುಂದೆ ಇನ್ನೂ ನಾಲ್ಕು ಕಾರು. ತಮ್ಮಯ್ಯ ನೀರು ಕುಡಿದು ಬರೋಣವೆಂದು ಶೆಡ್ಡಿನ ಕಡೆ ಹೋದ. ಅಲ್ಲಿ ಕಾಫಿಗೆ ಔಷಧಿ ಹೊಡೆಯುವ ರುದ್ರೇಶ್, ಓಡಿ ಬಂದ ಕಾರೊಂದನ್ನು ಸ್ಪ್ರೇ ಪಂಪಿನಲ್ಲಿ ತೊಳೆಯುತ್ತಿದ್ದ. ಪೈಪಿನ ಬಾಯಿಂದ ರಭಸವಾಗಿ ಬರುತ್ತಿದ್ದ ನೀರು ತಿಳಿನೀಲಿಯಾಗಿತ್ತು.

"ಇದೇನೋ ರುದ್ರೇಶ, ನೀರು ಹಿಂಗೆ?"

"ಬೋರ್ಡೋ ತಮ್ಮಯ್ಯಣ್ಣ. ಗಿಡಕ್ಕೆ ಹೊಡ್ದು ಡ್ರಮ್ಮಲ್ಲಿ ಉಳ್ದಿತ್ತಲ್ಲ, ಅದಕ್ಕೇ ನೀರು ಬಿಟ್ಕಂಡೆ. ಚೆಲ್ಲಾದು ಯಾಕೆ ಸುಮ್ನೆ? ನಿಮ್ಮ ಹುಡುಗಿ ಕಾರನ್ನೂ ಎರಡು ತಿಂಗ್ಳಿಂದ ಹಿಂಗೇ ತೊಳ್ದು ಕೊಡ್ತಾ ಇರೋದು. ಸಂದಿಯಾಗಿನ ಮಣ್ಣೆಲ್ಲ ಕಿತ್ಕಂಡು ಬರ್ತದೆ ನೋಡಿ!"

ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ. ಕೊಳೆರೋಗಕ್ಕೆಂದು ಈ ಸೀಮೆಯ ಪ್ರತಿ ತೋಟದಲ್ಲೂ ಹೊಡೆಯುವ ನೀಲಿ ದ್ರಾವಣ. ತಮ್ಮಯ್ಯ ಹಿಂದಿನ ಜೇಬಿನಿಂದ ನಿನ್ನೆ ಗ್ರೀಸು ಒರೆಸಿದ್ದ ಬಟ್ಟೆಯನ್ನು ಎಳೆದು ಬಿಡಿಸಿದ. ಬಲಗಡೆಯ ಜಾಯಿಂಟ್ ಒರೆಸಿದ ಜಾಗದಲ್ಲಿ ಗ್ರೀಸು ಇನ್ನೂ ಮಿರಮಿರ ಮಿಂಚುತ್ತಿತ್ತು. ಎಡಗಡೆಯದು ಒಣಗಿ, ಬಿರುಕು ಬಿಟ್ಟು, ಪೇಲವವಾಗಿತ್ತು. ಅದನ್ನು ಬೆರಳಲ್ಲಿ ಉಜ್ಜಿದ. ಚರಚರ ಎಂದಿತು.

ಅದು ಗ್ರೀಸಲ್ಲ, ಸುಣ್ಣ. ಟೊಪ್ಪಿ ಎಲ್ಲೋ ಹರಿದಿದೆ, ಪಂಪಿನ ರಭಸಕ್ಕೆ ಬೋರ್ಡೋ ಒಳಗೆ ನುಗ್ಗಿದೆ. ಅವನು ವಾರವಾರ ಕಂಡು ಖುಷಿಪಟ್ಟ ನೀಲಿ ಅದೇ. ಎರಡು ತಿಂಗಳಿಂದ ಆ ಗುಂಡಿಗೆ ಒಂದು ತೊಟ್ಟು ಹೊಸ ಗ್ರೀಸು ಮುಟ್ಟಿಲ್ಲ. ಸುಣ್ಣ ಗಾರೆಯಂತೆ ಕೂತಿದ್ದರಿಂದ ಕೈಯಲ್ಲಿ ಅಲುಗಾಡಿಸಿದಾಗ ಏನೂ ಗೊತ್ತಾಗಲಿಲ್ಲ. ಹಾರೆ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು. ಹಾರೆಯನ್ನು ಮುಟ್ಟದೆ ಒಂದು ವರ್ಷವಾಗಿತ್ತು.

ಓಡಿದ. ಐವತ್ತಾರು ವರ್ಷದ ಕಾಲುಗಳು ಸಡಿಲ ಮಣ್ಣಿನಲ್ಲಿ ಹೂತು ಹೂತು ಏಳುತ್ತಿದ್ದವು. ಕಾಲಿನಲ್ಲಿದ್ದ ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಓಡುತ್ತಲೇ ಮೂರನೇ ತಿರುವಿನ ಕಡೆ ಕಣ್ಣು ಹೋಯಿತು. ಅಲ್ಲಿ ಗದ್ದೆಯ ಬದು ಮುಗಿದು ಕೆಳಗೆ ಹಳ್ಳ. ಬಲಕ್ಕೆ ತಿರುಗುವಾಗ ಗಾಡಿಯ ಭಾರವೆಲ್ಲ ಬಂದು ಬೀಳುವುದು ಎಡ ಚಕ್ರದ ಮೇಲೆ. ಒಂದು ಕಾರು ಕೆಂಪು ಧೂಳೆಬ್ಬಿಸುತ್ತಾ ಆ ತಿರುವಿನಲ್ಲಿ ಜಾರಿ, ಬದುವಿಗೆ ಬಾಲ ತಾಗಿಸಿಕೊಂಡು ಹೋಯಿತು. ಜನ ಶಿಳ್ಳೆ ಹೊಡೆದರು.

ಅವನು ಮುಟ್ಟುವಷ್ಟರಲ್ಲಿ ಧನ್ಯಶ್ರೀಯ ಕಾರು ಗೆರೆಯ ಮೇಲೆ ಬಂದು ನಿಂತಿತ್ತು. ಬಾವುಟದವನು ಕೈ ಅಡ್ಡ ಹಿಡಿದ.

"ಸಾಲಲ್ಲಿರೋ ಗಾಡಿ ಹತ್ರ ಯಾರೂ ಬರಂಗಿಲ್ಲ ರೀ. ಗಾಡಿ ಹೊರಗೆ ತೆಗೆದ್ರೆ ರೇಸಿಂದ ಔಟು."

ತಮ್ಮಯ್ಯ ಅವನ ತೋಳಿನ ಕೆಳಗೆ ನುಸುಳಿ ಕಿಟಕಿಗೆ ಬಾಯಿ ಹಚ್ಚಿದ. "ಧನ್ಯಾ, ಇಳಿ. ಎಡಗಡೆ ಜಾಯಿಂಟ್ ಹೋಗಿದೆ."

ಹೆಲ್ಮೆಟ್ಟಿನೊಳಗಿನ ಕಣ್ಣುಗಳು ಅವನತ್ತ ತಿರುಗಿದವು. ಅದೇ ನೋಟ.

"ಹೋದ್ ವರ್ಷನೂ ಇದನ್ನೇ ಅಂದೆ."

"ಅವತ್ತಿಂದು ಬೇರೆ ಕಣೆ..." ಮಾತು ಅಲ್ಲಿಗೇ ಸಿಕ್ಕಿಹಾಕಿಕೊಂಡಿತು. ಇವತ್ತಿನದು ನಿಜ ಎನ್ನಬೇಕಾದರೆ ಅವತ್ತಿನದು ಸುಳ್ಳು ಎನ್ನಬೇಕು.

"ನಿನ್ನ ಹೆದ್ರಿಕೆಗೆ ಇನ್ನೆಷ್ಟು ವರ್ಷ ಮನೇಲಿ ಕೂರ್ಲಿ ಅಪ್ಪ? ಸರಿ ಆಚೆ."

ಎಂಜಿನ್ನು ಗುರ್ರೆಂದಿತು. ಇಬ್ಬರು ಬಂದು ತಮ್ಮಯ್ಯನ ತೋಳು ಹಿಡಿದು ಎಳೆದರು. ಎಳೆಯುವ ಹೊತ್ತಿಗೆ ಅವನಿಗೆ ತೋಚಿದ್ದು ಒಂದೇ. ಕೈಯಲ್ಲಿದ್ದ ಬಟ್ಟೆಯನ್ನು ಅವಳ ಮಡಿಲಿಗೆ ಎಸೆದು, "ಉಜ್ಜಿ ನೋಡು! ಧನ್ಯಾ, ಉಜ್ಜಿ ನೋಡೇ!" ಎಂದು ಕಿರುಚಿದ.

ಬಾವುಟ ಮೇಲೆದ್ದಿತು. ತಮ್ಮಯ್ಯ ಕಣ್ಣು ಮುಚ್ಚಿಕೊಂಡ. ಬಾವುಟ ಬಿದ್ದಿರಬೇಕು, ಜನ ಹೋ ಎಂದರು. ಆಮೇಲೆ ಹೋ ಎನ್ನುವುದು ನಿಂತಿತು.

ಕಣ್ಣು ಬಿಟ್ಟರೆ ಕಾರು ಗೆರೆಯ ಮೇಲೇ ಇತ್ತು. ಗಡಿಯಾರ ಓಡುತ್ತಿತ್ತು. ಎಂಜಿನ್ನು ಒಂದಷ್ಟು ಹೊತ್ತು ಗುರುಗುಟ್ಟಿ ಆರಿಹೋಯಿತು. ಧನ್ಯಶ್ರೀ ಬಾಗಿಲು ತೆಗೆದು ಇಳಿದಳು. ಬಲಗೈಯ ಗ್ಲೌಸು ಹಲ್ಲಿನಲ್ಲಿತ್ತು.

ಸುಬ್ಬಣ್ಣನವರು ಪಂಚೆ ಎತ್ತಿ ಕಟ್ಟಿಕೊಂಡು ದಾಪುಗಾಲು ಹಾಕುತ್ತಾ ಬಂದರು. "ಏನ್ ತಮ್ಮಯ್ಯ, ಈ ವರ್ಷನೂ ನಿಂದೇ ಕಿತಾಪತಿನಾ?"

ಆಗ ತಮ್ಮಯ್ಯನಿಗೆ ಎರಡನೇ ಹೆದರಿಕೆ ಹಿಡಿಯಿತು, ಮೊದಲನೆಯದಕ್ಕಿಂತ ಒಂದು ತೂಕ ಹೆಚ್ಚಿನದು. ಜಾಯಿಂಟ್ ಗಟ್ಟಿಯಾಗಿದ್ದರೆ? ಸುಣ್ಣ ಹೊರಗಿನ ಅಂಚಿನಲ್ಲಿ ಮಾತ್ರ ಇದ್ದಿದ್ದರೆ? ಮಗಳ ಎರಡನೇ ರೇಸನ್ನೂ ತಾನೇ ಕೈಯಾರೆ ಮುರಿದಂತಾಯಿತಲ್ಲ! ಕೆಟ್ಟಿರಲಿ, ದೇವರೇ, ಕೆಟ್ಟೇ ಇರಲಿ ಎಂದು ಬೇಡಿಕೊಂಡ ಮೆಕ್ಯಾನಿಕ್ ಈ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು.

ಕಾರನ್ನು ಬದಿಗೆ ತಳ್ಳಿದರು. ಧನ್ಯಶ್ರೀ ತಾನೇ ಜಾಕ್ ಕೊಟ್ಟು ಎತ್ತಿದಳು. "ಹಾರೆ ಕೊಡು" ಎಂದಳು. ಕೊಟ್ಟ. ಚಕ್ರಕ್ಕೂ ತೋಳಿಗೂ ನಡುವೆ ಹಾರೆ ತೂರಿಸಿ ಮೀಟಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಮೀಟಿದಳು. ಏನೂ ಆಗಲಿಲ್ಲ. ಸುಬ್ಬಣ್ಣನವರು ತಮ್ಮಯ್ಯನ ಮುಖ ನೋಡಿದರು. ಅವನು ನೆಲ ನೋಡಿದ.

ಮೂರನೆಯ ಸಲ ಮೈಯ ಭಾರವನ್ನೆಲ್ಲ ಹಾಕಿದಳು. ಟಕ್ಕೆಂದಿತು. ಗುಂಡು ಬಟ್ಟಲಿನಿಂದ ಕಿತ್ತು ಈಚೆ ಬಂದು, ಚಕ್ರ ಸೊಟ್ಟಗೆ ಜೋತುಬಿದ್ದಿತು. ಬಟ್ಟಲಿನ ತುಂಬ ಗಾರೆಗಟ್ಟಿದ ಸುಣ್ಣ, ತಿಳಿನೀಲಿ.

ಧನ್ಯಶ್ರೀ ಮೂರನೇ ತಿರುವಿನ ಕಡೆ ಒಮ್ಮೆ ನೋಡಿ, ಇದ್ದಲ್ಲೇ ಮಣ್ಣಿನಲ್ಲಿ ಕೂತಳು. ಹೆಲ್ಮೆಟ್ ತೆಗೆಯಲು ಹೋದ ಬೆರಳುಗಳಿಗೆ ಕೊಂಡಿ ಸಿಗಲಿಲ್ಲ. ತಮ್ಮಯ್ಯ ಬಗ್ಗಿ ಬಿಚ್ಚಿಕೊಟ್ಟ.

"ದೊಡ್ಡ ಗಂಡಾಂತರ ತಪ್ಪಿಸ್ದೆ ಮಾರಾಯ" ಎಂದು ಸುಬ್ಬಣ್ಣನವರು ಅವನ ಬೆನ್ನು ತಟ್ಟಿ, ರುದ್ರೇಶನನ್ನು ಬೈಯಲು ಶೆಡ್ಡಿನ ಕಡೆ ಹೊರಟರು.

ಅವರು ಅತ್ತ ಹೋದ ಮೇಲೆ ಧನ್ಯಶ್ರೀ ತಲೆಯೆತ್ತದೆ ಕೇಳಿದಳು. "ಹೋದ್ ವರ್ಷ ಹಾರೆ ಕೊಟ್ಟಾಗ ಆಡಿತ್ತಾ ಅಪ್ಪ?"

ಹೌದು ಎಂದಿದ್ದರೆ ಈಗ ನಂಬುತ್ತಿದ್ದಳು. ಊರೇ ನಂಬುತ್ತಿತ್ತು. ಸೊಟ್ಟ ಚಕ್ರ ಅವನ ಪರವಾಗಿ ಸಾಕ್ಷಿ ಹೇಳುತ್ತಾ ಎದುರಿಗೇ ಜೋತಾಡುತ್ತಿತ್ತು.

"ಇಲ್ಲ" ಎಂದ ತಮ್ಮಯ್ಯ. "ಗಟ್ಟಿ ಇತ್ತು."

"ಗೊತ್ತಿತ್ತು" ಎಂದಳು. ನೀಲಿಯಾದ ಬೆರಳುಗಳನ್ನು ಅದೇ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿಕೊಂಡಳು. "ಇವತ್ತೂ ನಿನ್ನ ಮಾತು ಕೇಳಿ ನಿಲ್ಸಿದ್ದಲ್ಲ. ಮರಳು ಸಿಕ್ತು, ಅದಕ್ಕೆ."

ಬಟ್ಟೆಯನ್ನು ಅವನ ಕೈಗೆ ಕೊಟ್ಟು ಎದ್ದಳು. ತಮ್ಮಯ್ಯ ಅದನ್ನು ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಅವಳು ಉಜ್ಜದೇ ಹೋಗಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಆ ಬಟ್ಟೆಯನ್ನು ಬೆರಳಲ್ಲಿ ಇನ್ನೊಮ್ಮೆ ಉಜ್ಜಿ ನೋಡುತ್ತಿದ್ದ. ಆ ಯೋಚನೆ ಸಂಜೆಯವರೆಗೂ ಬರುತ್ತಲೇ ಇತ್ತು.